ನಾಲ್ಕನೇ ಹಿಡಿಕೆ

ಮಾರ್ಚ್ 4, ಸೋಮವಾರ

ಸಮಸ್ತ ಮನುಕುಲಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಇಂದಿನಿಂದ ಈ ಮನೆಯಲ್ಲಿ ಪೇಸ್ಟಿನ ಟ್ಯೂಬನ್ನು ಬುಡದಿಂದಲೇ ಹಿಂಡತಕ್ಕದ್ದು. ನಡುವಿನಿಂದ ಹಿಂಡುವವರು ಸ್ವಂತ ಟ್ಯೂಬು ತಂದುಕೊಳ್ಳತಕ್ಕದ್ದು. ನಿರ್ಣಯ ಮಂಡಿಸಿದವಳು ನನ್ನ ಹೆಂಡತಿ. ಅನುಮೋದಿಸಿದವಳೂ ಅವಳೇ. ಬಾಯಿತುಂಬ ನೊರೆ ಇದ್ದುದರಿಂದ ನಾನು ತಟಸ್ಥ.

ಇವಳು ಶಾಲೆಯಲ್ಲಿ ಪೀಟಿ ಟೀಚರ್. ಮನೆಯನ್ನೂ ಸಾಲಾಗಿ ನಿಲ್ಲಿಸಿಯೇ ನಡೆಸುತ್ತಾಳೆ. ನಾನು ಭಾನುವಾರದ ಪತ್ರಿಕೆಗೆ ನಗೆ ಅಂಕಣ ಬರೆಯುವವನು. ಸಾಲಿನಲ್ಲಿ ಕೊನೆಯವನು. ನನಗಿಂತ ಮುಂದೆ ಮಗಳು — ಹೈಸ್ಕೂಲು, ಸದಾ ಕಿವಿಯಲ್ಲಿ ಇಯರ್‌ಫೋನು. ಮಾವನವರು ಸಾಲಿನಲ್ಲಿಲ್ಲ. ಹಾಲಿನ ಕಿಟಕಿ ಪಕ್ಕ ಹೊಲಿಗೆ ಮಿಷನ್ ಹಾಕಿಕೊಂಡು ಕೂತಿದ್ದಾರೆ. ಟಕಟಕಟಕ. ನನ್ನ ಹಾಸ್ಯಕ್ಕೆ ಹಿನ್ನೆಲೆ ಸಂಗೀತ.

ಬಸ್ಸಿನ ಸೀಟ್ ಕವರ್ ಹೊಲಿದೇ ಇಬ್ಬರು ಮಕ್ಕಳನ್ನು ಓದಿಸಿದವರು. ಹೋದ ವರ್ಷ ಅವರ ಬಾಡಿಗೆ ಮನೆಯ ಹಿಂಗೋಡೆ ಬೆಳಗಾಗುವಷ್ಟರಲ್ಲಿ ಕುಸಿಯಿತು. ಟವೆಲ್ ಸುತ್ತಿಕೊಂಡು, ಕೈಯಲ್ಲಿ ಬ್ರಷ್ ಹಿಡಿದು ಬೀದಿಗೆ ಬಂದವರನ್ನು ಹಾಗೆಯೇ ಇಲ್ಲಿಗೆ ಕರೆತಂದೆವು. ಇವಳ ಅಣ್ಣನ ಮನೆಯಲ್ಲಿ ಮೂರು ಬೆಡ್‌ರೂಮು. ಮೂರರಲ್ಲೂ ಜಾಗವಿಲ್ಲವಂತೆ. ಇರಲಿ, ಮನೆ ಎಂದಮೇಲೆ ಸೋಫಾಗಳಿಗೂ ಒಂದು ಭವಿಷ್ಯ ಬೇಕು.

"ಅಪ್ಪಂಗೆ ನಾನೇ ಮಗ ಬಿಡಿ" ಅಂದಳು ಇವಳು ಅವತ್ತು. ಹೆಮ್ಮೆಯಿಂದ. ಈಗಲೂ ಹಾಗೇ ಅನ್ನುತ್ತಾಳೆ, ಕೇಳುವವರಿದ್ದರೆ.

ಮಾರ್ಚ್ 9, ಶನಿವಾರ

ಮಾವನವರ ಯೋಜನೆ ಬಹಿರಂಗ. ಅವರ ಹುಟ್ಟುಹಬ್ಬ ಮುಂದಿನ ಭಾನುವಾರ. ಅವತ್ತು ಅವರು ಏನೂ ತೆಗೆದುಕೊಳ್ಳುವುದಿಲ್ಲವಂತೆ. ಕೊಡುತ್ತಾರಂತೆ. ಕಟ್ಟಡದ ಪ್ರತಿ ಮನೆಗೂ ಒಂದೊಂದು ಚೀಲ. ಹಳೆಯ ಅಂಗಡಿಯಲ್ಲಿ ಮಿಕ್ಕ ರೆಕ್ಸಿನ್ — ಕಂದು, ಹಸಿರು, ಬಸ್ಸಿನ ಬಣ್ಣ. ಒಳಗೆ ಟಾರ್ಚು, ಮೇಣದಬತ್ತಿ, ಬೆಂಕಿಪೊಟ್ಟಣ, ಬ್ಯಾಂಡೇಜು, ನೀರಿನ ಬಾಟಲಿ, ಬಿಸ್ಕತ್ತು, ಕಾಗದಪತ್ರದ ಜೆರಾಕ್ಸಿಗೆ ಪ್ಲಾಸ್ಟಿಕ್ ಲಕೋಟೆ. ಬೆಂಕಿಯೋ ಭೂಕಂಪವೋ ಬಂದರೆ ಎತ್ತಿಕೊಂಡು ಓಡುವುದಕ್ಕೆ.

"ಏನಂತ ಹೆಸರು ಇದಕ್ಕೆ?" ಕೇಳಿದೆ.

"ಹೊರಡೋ ಚೀಲ ಅಂತ ಇಟ್ಕೊಳ್ಳಿ, ಅಳಿಯಂದ್ರೇ."

ಮೊಣಕಾಲು ಹೋಗಿದೆ. ಬಂದ ದಿನ ಮೂರು ಮಹಡಿ ಹತ್ತಿಸಿದ್ದೇ ಹತ್ತಿಸಿದ್ದು, ಮತ್ತೆ ಇಳಿದಿಲ್ಲ. ಲಿಫ್ಟು ಈ ಕಟ್ಟಡದಲ್ಲಿ ಕನಸು ಮಾತ್ರ. ಆದ್ದರಿಂದ ಮನೆಮನೆಗೆ ಹೋಗಿ ಅಳತೆ ತರುವ ಕೆಲಸ ನನ್ನದು. ಅಳತೆ ಎಂದರೆ ಒಂದೇ ಪ್ರಶ್ನೆ: "ಮನೇಲಿ ಎಷ್ಟು ಜನ?" ಯಾಕೆಂದರೆ ಚೀಲದ ಪಕ್ಕಕ್ಕೆ ಹಿಡಿಕೆ ಹೊಲಿಯುತ್ತಾರೆ — ಒಬ್ಬೊಬ್ಬರಿಗೆ ಒಂದೊಂದು. ಹೊಗೆ ತುಂಬಿದಾಗ, ಕತ್ತಲಾದಾಗ, ಎಲ್ಲರೂ ತಮ್ಮ ತಮ್ಮ ಹಿಡಿಕೆ ಹಿಡಿದು ಇಳಿದರೆ ಯಾರೂ ತಪ್ಪಿಹೋಗುವುದಿಲ್ಲ. ಕಿರಿಯರದು ಕೆಳಗೆ, ಎತ್ತರದವರದು ಮೇಲೆ. ಬಸ್ಸಿನಲ್ಲಿ ನಿಂತವರು ಹಿಡಿಯುವ ಪಟ್ಟಿ ಇದೆಯಲ್ಲ, ಅದೇ ಲೆಕ್ಕಾಚಾರ.

ಮೊದಲ ಮಹಡಿಯ ನವದಂಪತಿ ಎರಡು ಎಂದರು. ಒಂದು ಕ್ಷಣ ಮುಖ ಮುಖ ನೋಡಿಕೊಂಡು "ಮೂರು ಅಂತಾನೇ ಬರ್ಕೊಳ್ಳಿ ಅಂಕಲ್" ಎಂದು ನಾಚಿದರು. ಕಟ್ಟಡದಲ್ಲಿ ಆ ಸುದ್ದಿ ಮೊದಲು ತಿಳಿದವನು ನಾನು! ಎರಡನೇ ಮಹಡಿಯ ಹಲ್ಲಿನ ಡಾಕ್ಟ್ರಮ್ಮ "ನಾಯಿಗೆ ಹಿಡಿಕೆ ಬೇಡ, ಅದು ಬಾಯಲ್ಲೇ ಹಿಡಿಯುತ್ತೆ" ಎಂದರು. ನಗಲಿಲ್ಲ. ಅವರು ನಕ್ಕದ್ದನ್ನು ಯಾರೂ ಕಂಡಿಲ್ಲ. ವೃತ್ತಿಯಲ್ಲಿ ಹಲ್ಲು ನೋಡಿ ನೋಡಿ ಸಾಕಾಗಿರಬೇಕು.

ನಮ್ಮ ಮನೆಯ ಅಳತೆ ಅವರು ಕೇಳಲೇ ಇಲ್ಲ. ತಾವೇ ಹೊಲಿದರು. ನಾಲ್ಕು.

ಮಾರ್ಚ್ 17, ಭಾನುವಾರ

ಉಡುಗೊರೆ ಪ್ರದಾನ. ಇಡೀ ಕಟ್ಟಡ ನಮ್ಮ ಹಾಲಿನಲ್ಲಿ. ಮಾವನವರು ಇಸ್ತ್ರಿ ಅಂಗಿ ಹಾಕಿಕೊಂಡು ಒಬ್ಬೊಬ್ಬರನ್ನೂ ಕರೆದು, ಹಿಡಿಕೆ ಹಿಡಿಸಿ, ಎಳೆದು ನೋಡಿ ಕೊಟ್ಟರು. ಹುಟ್ಟುಹಬ್ಬದ ದಿನ ಜನರಿಗೆ ಸರ್ವನಾಶವನ್ನು ನೆನಪಿಸುವ ಇಂಥ ಸಂತೋಷದ ಮುಖವನ್ನು ನಾನು ಕಂಡಿರಲಿಲ್ಲ.

ಹೊಗೆ ಬಂದರೆ ಟವೆಲ್ ಒದ್ದೆ ಮಾಡಿ ಮೂಗಿಗೆ ಹಿಡಿಯಬೇಕೆಂದು ತೋರಿಸಿಕೊಟ್ಟರು. ಮಕ್ಕಳು ಆಗಲೇ ಬಿಸ್ಕತ್ತು ತೆರೆದಿದ್ದವು. ಒಬ್ಬರು ಟಾರ್ಚಿನ ಬ್ಯಾಟರಿ ಬಿಚ್ಚಿ "ಟೀವಿ ರಿಮೋಟಿಗೆ ಆಗುತ್ತೆ" ಎಂದು ಸಂತೋಷಪಟ್ಟರು.

ಅಸೋಸಿಯೇಷನ್ ಸೆಕ್ರೆಟರಿ ನಿವೃತ್ತ ಸ್ಟೇಷನ್ ಮಾಸ್ತರ್. ಭಾಷಣ ಮಾಡಿದರು. ಕಣ್ಣು ಹೊಳೆಯುತ್ತಿತ್ತು. ಆ ಹೊಳಪು ನನಗೆ ಗೊತ್ತು. ಬಾವುಟ ತೋರಿಸಿ ರೈಲು ಬಿಡುವ ಸುಖ ಕಳೆದುಕೊಂಡ ಮನುಷ್ಯ. "ಬರೇ ಚೀಲ ಇದ್ರೆ ಸಾಲದು. ಡ್ರಿಲ್ ಆಗ್ಬೇಕು! ಮುಂದಿನ ಭಾನುವಾರ. ಮೊದಲು ಇಳಿದ ಕುಟುಂಬಕ್ಕೆ ಕಪ್!"

ಕಪ್ ಎಂಬ ಶಬ್ದ ಕೇಳಿದ್ದೇ ಇವಳು ನೆಟ್ಟಗೆ ಕೂತಳು. ಇಷ್ಟು ವರ್ಷ ಬೇರೆಯವರ ಮಕ್ಕಳ ಕೈಗೆ ಕಪ್ ಕೊಡಿಸಿದವಳು. ಒಂದನ್ನೂ ಮನೆಗೆ ತಂದವಳಲ್ಲ.

ಮಾರ್ಚ್ 23, ಶನಿವಾರ

ತಾಲೀಮು. ನಾವು ಮೂವರು, ಮೂರು ಮಹಡಿ, ಕೊರಳಲ್ಲಿ ಸ್ಟಾಪ್‌ವಾಚು. ತಿರುವಿನಲ್ಲಿ ನನ್ನ ಹೊಟ್ಟೆ ತೊಡಕಾಗುತ್ತಿದೆ ಎಂದು ಅಧಿಕೃತವಾಗಿ ದಾಖಲಾಯಿತು.

ಮೆಟ್ಟಿಲ ಮೇಲೆ ಗುಟ್ಟಿನ ಸಭೆ.

"ಅಪ್ಪ?" ಅಂದೆ.

"ಅಪ್ಪನ್ನ ಹೊತ್ಕೊಂಡು ಇಳಿದ್ರೆ ಸಾಯಂಕಾಲ ಆಗುತ್ತೆ" ಅಂದಳು. "ಬರೀ ಡ್ರಿಲ್ ತಾನೆ. ನಿಜವಾದ ಬೆಂಕಿ ಬಂದ್ರೆ ಬಿಟ್ಟು ಹೋಗ್ತೀನಾ?"

"ತಾತಂಗೆ ಹೇಳೋದೂ ಬೇಡಮ್ಮ" ಅಂದಳು ಮಗಳು. "ನೂರು ಪ್ರಶ್ನೆ ಕೇಳ್ತಾರೆ. ಹಿಡಿಕೆ ಸರಿ ಹಿಡಿದ್ಯಾ, ಟವೆಲ್ ಎಲ್ಲಿ ಅಂತ."

ಸೆಕ್ರೆಟರಿಯ ವಿಧಾನ ಬಹಳ ಅನುಕೂಲ. ತಲೆ ಎಣಿಸುವುದಿಲ್ಲ, ಚೀಲ ಎಣಿಸುತ್ತಾರೆ. ಚೀಲ ಬಂತೆಂದರೆ ಕುಟುಂಬ ಬಂತು. ಬೋಗಿ ಎಣಿಸಿದವರಿಗೆ ಒಳಗಿನ ಪ್ರಯಾಣಿಕರ ಚಿಂತೆ ಯಾಕೆ?

ಗೆಲ್ಲುವ ಆಸೆ ನನಗೂ ಇತ್ತು. ಶಾಲೆಯಲ್ಲಿ ಗೋಣಿಚೀಲದ ಓಟದಲ್ಲಿ ಕೂಡ ಗೆದ್ದವನಲ್ಲ.

ಮಾರ್ಚ್ 24, ಭಾನುವಾರ

ಗೆದ್ದೆವು!!

ಸೆಕ್ರೆಟರಿ ಮೈಕಿನಲ್ಲಿ ಸೈರನ್ ಹಾಕಿದ್ದೇ ಇವಳು ಚೀಲ ಎತ್ತಿದಳು. "ಏನಾಯ್ತು ಪುಟ್ಟಿ?" ಅಂದರು ಮಾವನವರು ಮಿಷನ್ ನಿಲ್ಲಿಸಿ. ಉತ್ತರ ಕೊಟ್ಟರೆ ಸಮಯ ಹೋಗುತ್ತದೆ. ಕೊಡಲಿಲ್ಲ. ನಾನು ಕೊನೆಯವನು. ಬಾಗಿಲು ದಾಟುವಾಗ ತಿರುಗಿ ನೋಡಿದೆ. ಎದ್ದು ನಿಂತಿದ್ದರು, ಗೋಡೆ ಹಿಡಿದುಕೊಂಡು. "ಅಳಿಯಂದ್ರೇ —" ಅಂದರು. ಓಡಿದೆ.

ಡಾಕ್ಟ್ರಮ್ಮನ ಕುಟುಂಬ ಎರಡನೆಯದು, ನಾಯಿ ಸಮೇತ. ಅವರದು ಒಂದು ಮಹಡಿ ಕಡಿಮೆಯಿದ್ದೂ ಎರಡನೆಯದು! ಇವಳು ಕಪ್ ಎತ್ತಿ ಹಿಡಿದಾಗ ಮುಖ ನೋಡಬೇಕಿತ್ತು. ಮದುವೆಯ ದಿನ ಕೂಡ ಅಷ್ಟು ಬೆಳಕಿರಲಿಲ್ಲ. ಫೋಟೊ, ಭಾಷಣ, ಜ್ಯೂಸು. ಮತ್ತೊಮ್ಮೆ ಫೋಟೊ.

ಮೇಲೆ ಬಂದಾಗ ಮಾವನವರು ಹೊರಗೆ ಮೊದಲ ಮೆಟ್ಟಿಲ ಮೇಲೆ ಕೂತಿದ್ದರು. ಅಲ್ಲಿಂದ ಮುಂದೆ ಆಗಿರಲಿಲ್ಲ. ಮೂಗಿಗೆ ಒದ್ದೆ ಟವೆಲ್. ಅಂಗಿ ಎದೆಯವರೆಗೂ ನೆನೆದಿತ್ತು. ಕಣ್ಣು ಮಾತ್ರ ಕಾಣುತ್ತಿತ್ತು.

"ಡ್ರಿಲ್ ಅಪ್ಪಾ! ಸುಮ್ನೆ ಡ್ರಿಲ್ಲು!" ಇವಳು ನಕ್ಕಳು. ಮಗಳು ನಕ್ಕಳು. ನಾನೂ. ಜ್ಯೂಸು ಕುಡಿದ ನಗು.

ಟವೆಲ್ ಇಳಿಸಿದರು. ಕಪ್ ನೋಡಿದರು.

"ಗೆದ್ರಾ?" ಅಂದರು. "ಒಳ್ಳೇದಾಯ್ತು ಪುಟ್ಟಿ."

ಆಮೇಲೆ ನಕ್ಕರು ಕೂಡ. ಒಳ್ಳೆಯ ಮನುಷ್ಯ. ಬೇಜಾರಿಲ್ಲ ಅವರಿಗೆ. ಊಟ ಸರಿಯಾಗಿ ಮಾಡಿದರು. ಕಪ್ಪಿಗೊಂದು ರೆಕ್ಸಿನ್ ಕವರ್ ಹೊಲಿದುಕೊಡುತ್ತೇನೆ, ಧೂಳು ಕೂರದಿರಲಿ ಅಂದರು.

ಮಾರ್ಚ್ 26, ಮಂಗಳವಾರ

ತಕರಾರು ಅರ್ಜಿ. ಡಾಕ್ಟ್ರಮ್ಮ. ಕಟ್ಟಡದ ಇತಿಹಾಸದಲ್ಲಿ ನೀರಿನ ಮೋಟರಿನ ವಿಷಯ ಬಿಟ್ಟು ಬೇರೆ ವಿಷಯಕ್ಕೆ ಬಂದ ಮೊದಲ ಅರ್ಜಿ.

ಅವತ್ತು ಜ್ಯೂಸು ಕುಡಿಯದೆ ಮೊದಲು ಮೇಲೆ ಹೋದವರು ಅವರು. ಮೆಟ್ಟಿಲಲ್ಲಿ ಯಾರೋ "ಪುಟ್ಟಿ, ಪುಟ್ಟಿ" ಅನ್ನುವುದು ಕೇಳಿ ಹತ್ತಿ ನೋಡಿದರಂತೆ. ಡ್ರಿಲ್ ಎಂದು ಹೇಳಿ ಸಮಾಧಾನ ಮಾಡಿದ್ದೂ ಅವರೇ. ಅಂದರೆ ನಾವು ಬರುವ ಮೊದಲೇ ಮಾವನವರಿಗೆ ಗೊತ್ತಿತ್ತು. ಗೊತ್ತಿದ್ದೂ ಅಲ್ಲೇ ಕೂತಿದ್ದರು, ಟವೆಲ್ ಹಿಡಿದು.

ನಾವು ನೋಡಲಿ ಅಂತಲೋ ಏನೋ.

ಮಾರ್ಚ್ 27, ಬುಧವಾರ

ವಿಚಾರಣೆ ನಮ್ಮ ಹಾಲಿನಲ್ಲೇ. ಸ್ಥಳ ಪರಿಶೀಲನೆ ಆಗಬೇಕಂತೆ. ಸೆಕ್ರೆಟರಿ ಸೋಫಾದ ನಡುವೆ, ನ್ಯಾಯಮೂರ್ತಿಯ ಹಾಗೆ. ಡಾಕ್ಟ್ರಮ್ಮ ನಿಂತೇ ಇದ್ದರು. ಮಾವನವರು ಕಿಟಕಿ ಪಕ್ಕ, ಮಿಷನ್ನಿಗೆ ಬೆನ್ನು ಹಾಕಿ.

ಡಾಕ್ಟ್ರಮ್ಮ ನಮ್ಮ ಚೀಲವನ್ನು ಎತ್ತಿ ಹಿಡಿದರು. ಹಲ್ಲು ಕಿತ್ತು ರೋಗಿಗೆ ತೋರಿಸುವ ಹಾಗೆ.

"ಇದಕ್ಕೆ ಎಷ್ಟು ಹಿಡಿಕೆ ಇದೆ, ಎಣಿಸಿ. ನಾಲ್ಕು. ಕೆಳಗೆ ಬಂದವರು ಎಷ್ಟು? ಮೂರು. ಕುಟುಂಬ ಪೂರ್ತಿ ಇಳಿಬೇಕು ಅನ್ನೋದು ನಿಯಮ. ಇವರ ಕುಟುಂಬ ಇಳಿದಿಲ್ಲ. ನನಗೆ ಕಪ್ ಬೇಡ. ನಿಯಮ ಬೇಕು."

ಇವಳ ಕುತ್ತಿಗೆ ಕೆಂಪಗಾಗುತ್ತಿತ್ತು. ಶೋಕೇಸಿನಲ್ಲಿ ಕಪ್, ಅದರ ಬುಡದ ಪಟ್ಟಿಯಲ್ಲಿ ಅವಳ ಹೆಸರು ಬರೆಸಬೇಕೆಂದು ಬಿಟ್ಟ ಖಾಲಿ ಜಾಗ.

ಇಂಥ ಹೊತ್ತಿನಲ್ಲಿ ನನಗೆ ನಾಲಿಗೆ ತುರಿಸುತ್ತದೆ. ವೃತ್ತಿರೋಗ. ಎದ್ದು ನಿಂತು ಕೈಮುಗಿದು ಹೇಳಿದೆ — "ಸ್ವಾಮಿ, ಮಾವನವರು ನಮ್ಮ ಮನೆಯ ಗೌರವಾನ್ವಿತ ಅತಿಥಿಗಳು. ಬಂದ ಅತಿಥಿಗಳನ್ನ ಓಡಿಸೋ ಪದ್ಧತಿ ನಮ್ಮಲ್ಲಿಲ್ಲ."

ಎಲ್ಲರೂ ನಕ್ಕರು. ಬಹಳ ನಕ್ಕರು. ಸೆಕ್ರೆಟರಿ ತೊಡೆ ತಟ್ಟಿಕೊಂಡರು. ಅಲ್ಲಿಗೆ ಬಿಟ್ಟಿದ್ದರೆ ತಮಾಷೆಯಾಗಿಯೇ ಉಳಿಯುತ್ತಿತ್ತು. ಆದರೆ ಇವಳು ಹಿಡಿದುಕೊಂಡಳು. ಮುಳುಗುವವರು ಹಗ್ಗ ಹಿಡಿಯುವ ಹಾಗೆ.

"ಹೌದು ಸರ್. ಅಪ್ಪ ಅತಿಥಿನೇ. ಅಣ್ಣನ ಮನೆಯವರು ಅವರು. ಇಲ್ಲಿ ಬಂದಿದ್ದಾರೆ ಅಷ್ಟೇ. ನಮ್ಮ ಕುಟುಂಬ ಅಂದ್ರೆ ನಾವು ಮೂರೇ ಜನ."

"ಹಾಗಾದ್ರೆ ನಾಲ್ಕನೇ ಹಿಡಿಕೆ?" ಡಾಕ್ಟ್ರಮ್ಮ.

ಆಗ ಕಿಟಕಿ ಪಕ್ಕದಿಂದ —

"ಅದಾ? ಅದು ಎಕ್ಸ್‌ಟ್ರಾ ಅಮ್ಮ. ರೆಕ್ಸಿನ್ ಮಿಕ್ಕಿತ್ತು. ನಾನು ಬಂದವನು. ಟೀಚರಮ್ಮ ಹೇಳಿದ್ದು ಸರಿ."

ಟೀಚರಮ್ಮ.

ತೀರ್ಪು: ಅತಿಥಿಗಳಿಗೆ ಡ್ರಿಲ್ ಅನ್ವಯಿಸುವುದಿಲ್ಲ. ಕಪ್ ನಮ್ಮಲ್ಲೇ. ಡಾಕ್ಟ್ರಮ್ಮ ಹೋಗುವಾಗ ಚೀಲವನ್ನು ಮಾವನವರ ಪಕ್ಕ ಇಟ್ಟು ಹೋದರು.

ಮಾರ್ಚ್ 28, ಗುರುವಾರ

ಬೆಳಿಗ್ಗೆ ಮಾವನವರು ಬ್ಲೇಡಿನಿಂದ ನಾಲ್ಕನೇ ಹಿಡಿಕೆಯ ಹೊಲಿಗೆ ಬಿಚ್ಚುತ್ತಿದ್ದರು. ಒಂದೊಂದೇ ಎಳೆ. ನೂಲಿನ ಚೂರುಗಳನ್ನು ಎಡಗೈಯಲ್ಲಿ ಕೂಡಿಸಿಕೊಳ್ಳುತ್ತ. ಬಿಚ್ಚಿದ ಮೇಲೆ ರೆಕ್ಸಿನ್ ಮೇಲೆ ಸೂಜಿಯ ಗುರುತು ಸಾಲಾಗಿ ಉಳಿಯಿತು. ಹೆಬ್ಬೆರಳಲ್ಲಿ ಉಜ್ಜಿದರು. ಹೋಗಲಿಲ್ಲ.

"ಏನಪ್ಪಾ ಇದು!" ಇವಳು.

"ತಕರಾರು ಇರಬಾರದಲ್ಲ, ಟೀಚರಮ್ಮ. ನಿಮಗೆ ಮತ್ತೆ ಯಾರಾದ್ರೂ ಕೇಳ್ತಾರೆ."

ನೀವು. ಮಗಳಿಗೆ.

ಇವಳು ತಮಾಷೆ ಅಂದುಕೊಂಡಳು. ನಾನೂ.

ಮಾರ್ಚ್ 30, ಶನಿವಾರ

ತಮಾಷೆಯಲ್ಲ.

ಮಿಷನ್ನಿಗೆ ಬೆಡ್‌ಶೀಟ್ ಹೊದೆಸಿದ್ದಾರೆ. "ಬೇರೆಯವರ ಮನೇಲಿ ಸದ್ದು ಮಾಡಬಾರದು." ಮನೆ ಎಷ್ಟು ನಿಶ್ಶಬ್ದವೆಂದರೆ ನನ್ನ ಪೆನ್ನಿನ ಸದ್ದು ನನಗೇ ಕೇಳುತ್ತದೆ. ಹಾಸ್ಯ ಬರುತ್ತಿಲ್ಲ.

ಏಳುತ್ತಲೇ ಹಾಸಿಗೆ ಮಡಿಸಿ ಮೂಲೆಗಿಡುತ್ತಾರೆ. ಸೋಫಾದ ತುದಿಯಲ್ಲಿ ಕೂರುತ್ತಾರೆ, ಬಸ್ಸಿಗೆ ಕಾಯುವವರ ಹಾಗೆ. ಬಾತ್‌ರೂಮಿಗೆ ಹೋಗುವ ಮೊದಲು — "ಉಪಯೋಗಿಸಬಹುದಾ?" ಪೇಪರು ನಾನು ಓದಿ ಮುಗಿಸುವವರೆಗೂ ಮುಟ್ಟುವುದಿಲ್ಲ. ಚಹಾ ಕೊಟ್ಟರೆ ಎರಡೂ ಕೈಯಲ್ಲಿ ಇಸಿದುಕೊಂಡು "ಸುಮ್ನೆ ತೊಂದರೆ ತಗೊಂಡ್ರಿ." ತಟ್ಟೆಗೆ ಎರಡನೇ ಸಲ ಹಾಕಲು ಹೋದರೆ ಕೈ ಅಡ್ಡ. "ಸಾಕು, ಸಾಕು. ಹೊಟ್ಟೆ ತುಂಬಿತು."

ಗ್ಯಾಸ್ ಸಿಲಿಂಡರಿನವನು ಬಂದ. ಬಾಗಿಲಲ್ಲಿ ಮಾವನವರೇ. "ಮನೆಯವರು ಸ್ನಾನಕ್ಕೆ ಹೋಗಿದ್ದಾರಪ್ಪ. ಸ್ವಲ್ಪ ನಿಲ್ಲು. ನಾನು ಬಂದವನು, ನನಗೆ ಗೊತ್ತಾಗಲ್ಲ."

ಸಿಲಿಂಡರ್ ಎಲ್ಲಿಡುವುದೆಂದು ಮನೆಯಲ್ಲಿ ಅವರಿಗೊಬ್ಬರಿಗೇ ಗೊತ್ತು.

ನನ್ನನ್ನು ಈಗ ಅಳಿಯಂದ್ರೇ ಅನ್ನುವುದಿಲ್ಲ. ಯಜಮಾನ್ರೇ. ಮದುವೆಯಾದಾಗಿನಿಂದ ಈ ಪದವಿಗಾಗಿ ಕಾಯುತ್ತಿದ್ದೆ. ಸಿಕ್ಕಿತು.

ಏಪ್ರಿಲ್ 2, ಮಂಗಳವಾರ

ಇವಳ ಅಣ್ಣನ ಫೋನು. ಇವಳೇ ಸ್ಪೀಕರ್ ಹಾಕಿ ಅಪ್ಪನ ಮುಂದಿಟ್ಟಳು. ಅವನ ಹತ್ತಿರವಾದರೂ ಬಾಯಿ ಬಿಡಲಿ ಎಂದು.

"ಹೇಗಿದ್ದೀರಪ್ಪ?"

"ಒಳ್ಳೇ ಮನೆ ಕಣಪ್ಪ. ಒಳ್ಳೇ ಜನ. ಚೆನ್ನಾಗಿ ನೋಡ್ಕೋತಾರೆ."

"ಹಾಂ?... ಸರಿ ಸರಿ. ಅಪ್ಪ, ಆ ಚೀಲ ನಮಗೂ ಒಂದು ಕಳಿಸಿ. ಇವಳು ಕೇಳ್ತಿದ್ಳು."

"ಎಷ್ಟು ಹಿಡಿಕೆ ಬೇಕು?"

"ನಾವು ಮೂವರು ತಾನೆ. ಮೂರು ಸಾಕು."

"ಸರಿ" ಅಂದರು ಮಾವನವರು. "ಎಲ್ಲರಿಗೂ ಮೂರೇ ಬೇಕಾಗುತ್ತೆ."

ಇವಳು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿದಳು. ಪಾತ್ರೆ ಇರಲಿಲ್ಲ ಸಿಂಕಿನಲ್ಲಿ.

ಏಪ್ರಿಲ್ 7, ಭಾನುವಾರ

ತಪ್ಪು ನನ್ನದೂ ಇದೆ ಎಂದು ಬರೆದರೆ ದೊಡ್ಡವನಾಗಿಬಿಡುತ್ತೇನೆ. ಬರೆಯುವುದಿಲ್ಲ. ಬರೆದದ್ದು ಅಂಕಣ. ವಾರ ಬಂತು, ವಿಷಯವಿಲ್ಲ, ಕಣ್ಣೆದುರು ಚಿನ್ನದ ಗಣಿ. "ನಮ್ಮ ಮನೆಯ ಅತಿಥಿ" ಎಂದು ತಲೆಬರಹ ಕೊಟ್ಟೆ. ಬಾತ್‌ರೂಮ್ ಪ್ರಸಂಗ, ಸಿಲಿಂಡರ್ ಪ್ರಸಂಗ, ಎಲ್ಲ. ಬೆಳಿಗ್ಗೆಯಿಂದ ಫೋನು ನಿಂತಿಲ್ಲ. ಸಂಪಾದಕರು "ನಿಮ್ಮ ಅತ್ಯುತ್ತಮ" ಅಂದರು. ಅಪರಿಚಿತರೊಬ್ಬರು ನಕ್ಕು ನಕ್ಕು ಕೆಮ್ಮಿ ಫೋನಿಟ್ಟರು.

ಇವಳು ಓದಿದಳು. ಮುದುರಿ ಎಸೆದಳು. ನನ್ನ ಮೇಲೆಯೇ.

ಮಾವನವರು ಮುದುರಿದ ಪೇಪರನ್ನು ನೆಲದಿಂದ ಎತ್ತಿ, ಮೊಣಕಾಲ ಮೇಲಿಟ್ಟು ನೀವಿ ನೀವಿ ನೇರ ಮಾಡಿ, ಭೂತಗನ್ನಡಿ ಹಿಡಿದು ಪೂರ್ತಿ ಓದಿದರು. ಎರಡು ಕಡೆ ನಕ್ಕರು ಕೂಡ — ಸರಿಯಾದ ಕಡೆಯೇ.

"ಚೆನ್ನಾಗಿ ಬರೆದಿದ್ದೀರಿ ಯಜಮಾನ್ರೇ. ನಿಮ್ಮ ಮನೆ ಅತಿಥಿ ಭಾರಿ ತಮಾಷೆ ಮನುಷ್ಯ. ಯಾವಾಗ ಹೋಗ್ತಾರಂತೆ?"

ಏಪ್ರಿಲ್ 10, ಬುಧವಾರ

ಇವಳು ಎಲ್ಲ ಮಾಡಿ ನೋಡಿದಳು. ರೇಗಿದಳು. "ನಾಟಕ ಸಾಕಪ್ಪ!" ಅಂದಳು. "ಕ್ಷಮಿಸಿ, ಏನಾದ್ರೂ ತಪ್ಪಾಯ್ತಾ?" ಎಂದು ಎದ್ದು ನಿಂತರು, ಮೊಣಕಾಲು ನಡುಗುತ್ತಿದ್ದರೂ. ಯಜಮಾನಿ ರೇಗಿದಾಗ ಅತಿಥಿ ಕೂತಿರಬಾರದು ತಾನೆ.

ಮಿಷನ್ನಿನ ಬೆಡ್‌ಶೀಟ್ ಕಿತ್ತು, ತನ್ನ ಟ್ರ್ಯಾಕ್ ಪ್ಯಾಂಟು ಬೇಕೆಂದೇ ಹರಿದು, "ಹೊಲಿದುಕೊಡಿ ಅಪ್ಪ" ಎಂದು ಮುಂದಿಟ್ಟಳು. ಹೊಲಿದುಕೊಟ್ಟರು. ಕೈಯಲ್ಲಿ. ಮಿಷನ್ ಮುಟ್ಟದೆ. "ಇಷ್ಟು ದಿನ ಊಟ ಹಾಕಿದ್ದೀರಿ, ಇಷ್ಟೂ ಮಾಡದಿದ್ರೆ ಹೇಗೆ."

ಸ್ನಾನದ ಮನೆಯಲ್ಲಿ ಅಳುತ್ತಾಳೆ. ಶಾಲೆಯ ಮಕ್ಕಳಿಗೆ ಗೊತ್ತಾದರೆ ನಂಬುವುದಿಲ್ಲ.

"ಒಂದೇ ಒಂದು ಸಲ ಪುಟ್ಟಿ ಅನ್ನಲಿ. ಸಾಕು ನನಗೆ" ಅಂದಳು ನನ್ನ ಹತ್ತಿರ.

ನಾನು ಏನೋ ಹೇಳಬೇಕೆಂದು ಬಾಯಿ ತೆರೆದೆ. ಜೋಕು ಬಂತು. ನುಂಗಿದೆ. ಇಳಿಯಲಿಲ್ಲ.

ಏಪ್ರಿಲ್ 13, ಶನಿವಾರ

ಇವಳು ಕಪ್ಪನ್ನು ಸೆಕ್ರೆಟರಿಗೆ ಹಿಂತಿರುಗಿಸಿ ಬಂದಳು. ಎಲ್ಲರೆದುರು, ಗೇಟಿನ ಹತ್ತಿರ. "ನಾನು ಸುಳ್ಳು ಹೇಳಿದೆ. ಅಪ್ಪ ನಮ್ಮ ಮನೆಯವರು. ಇನ್ನೊಂದು ಸಲ ಡ್ರಿಲ್ ಇಡಿ. ನಾವು ನಾಲ್ಕು ಜನ ಇಳೀತೀವಿ. ಕೊನೆಗೆ ಬಂದ್ರೂ ಪರವಾಗಿಲ್ಲ."

ಸೆಕ್ರೆಟರಿಗೆ ಸ್ವರ್ಗ ಮೂರೇ ಗೇಣು. ಮರು-ಡ್ರಿಲ್! ಮುಂದಿನ ಭಾನುವಾರ.

ಮೇಲೆ ಬಂದು ಮಾವನವರಿಗೆ ಹೇಳಿದಳು. ಕಾಲ ಹತ್ತಿರ ಕೂತು. ಒಪ್ಪುವುದಿಲ್ಲ ಎಂದುಕೊಂಡಿದ್ದೆ.

"ಅದಕ್ಕೇನು" ಅಂದರು. "ಮನೆಯವರು ಹೇಳಿದ ಹಾಗೆ."

ಇವಳ ಮುಖದಲ್ಲಿ ಏನು ಬೆಳಕು! ಕರಗುತ್ತಿದ್ದಾರೆ ಎಂದಳು. ರಾತ್ರಿಯ ಊಟಕ್ಕೆ ಎರಡನೇ ಸಲ ಹಾಕಿಸಿಕೊಂಡರಂತೆ. ನಾನೂ ನೋಡಿದೆ. ನಿಜ.

ಏಪ್ರಿಲ್ 18, ಗುರುವಾರ

ಮಾವನವರು ನನ್ನ ಮೊಬೈಲ್ ಕೇಳಿದರು. "ಒಂದು ಫೋನ್ ಮಾಡಬಹುದಾ?" ನಂಬರ್ ನಾನೇ ಒತ್ತಿಕೊಟ್ಟೆ. ಅವರ ಹಳೆಯ ಜೊತೆಗಾರ, ಸೀಟ್ ಕವರ್ ಅಂಗಡಿಯಲ್ಲಿ ಇವರು ಹೊಲಿದರೆ ಅವನು ಸ್ಪಂಜು ತುಂಬುತ್ತಿದ್ದನಂತೆ. ಅಂಗಡಿ ಈಗ ಅವನದು.

"ಭಾನುವಾರ" ಅಂದರು ಮಾವನವರು. "ಬೆಳಿಗ್ಗೆ. ಗೇಟ್ ಹತ್ರ ಇರು. ಹ್ಞೂಂ. ಇಳಿಸ್ತಾರಂತೆ."

ಪ್ರೇಕ್ಷಕರನ್ನು ಕರೆಯುತ್ತಿದ್ದಾರೆ! ಇವಳಿಗೆ ಹೇಳಿದೆ. "ನೋಡಿದ್ರಾ, ಅಪ್ಪಂಗೂ ಆಸೆ ಇದೆ" ಅಂದಳು. ಚೀಲಕ್ಕೆ ನಾಲ್ಕನೇ ಹಿಡಿಕೆಯನ್ನು ತಾನೇ ಹೊಲಿಯಲು ಕೂತಳು. ರೆಕ್ಸಿನ್ನಿಗೆ ಮಾಮೂಲಿ ಸೂಜಿ. ಎರಡು ಮುರಿಯಿತು. ಮಾವನವರು ಪಕ್ಕದಲ್ಲೇ ಕೂತು ನೋಡಿದರು. ದಪ್ಪ ಸೂಜಿ ಅವರ ಡಬ್ಬಿಯಲ್ಲಿತ್ತು. ಕೊಡಲಿಲ್ಲ.

ಏಪ್ರಿಲ್ 21, ಭಾನುವಾರ

ಬರೆದುಬಿಡುತ್ತೇನೆ. ಇವತ್ತೇ.

ಸೈರನ್ ಆಗುವ ಮೊದಲೇ ಮಾವನವರು ಸಿದ್ಧ. ಇಸ್ತ್ರಿ ಅಂಗಿ. ಜೇಬಿನಲ್ಲಿ ಕನ್ನಡಕದ ಡಬ್ಬಿ, ಬ್ರಷ್. ಬ್ರಷ್ ಯಾಕೆ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಊಟದ ಮೇಜಿನ ಕುರ್ಚಿಯಲ್ಲಿ ಕೂರಿಸಿದೆವು. ಒಂದು ಕಡೆ ನಾನು, ಇನ್ನೊಂದು ಕಡೆ ವಾಚ್‌ಮನ್. ಮುಂದೆ ಇವಳು, ಚೀಲ ಹೆಗಲಿಗೆ, ಹಿಮ್ಮುಖವಾಗಿ ಮೆಟ್ಟಿಲು ಇಳಿಯುತ್ತ. "ನಿಧಾನ... ತಿರುವು... ಎಡಕ್ಕೆ. ಅಪ್ಪಾ, ಹಿಡಿಕೆ ಹಿಡ್ಕೊಳ್ಳಿ." ಹಿಡಿದುಕೊಂಡರು. ಅವಳೇ ಹೊಲಿದದ್ದು. ಎರಡನೇ ತಿರುವಿನಲ್ಲಿ ಕಿತ್ತುಬಂತು. ಮಾವನವರು ಅದನ್ನು ಮಡಚಿ, ಅವಳ ಕೈಗೆ ಕೊಟ್ಟರು.

ನನ್ನ ಉಸಿರು ಬಾಯಿಗೆ ಬಂದಿತ್ತು. ಇಷ್ಟು ಹಗುರವಾದ ಮನುಷ್ಯ ಇಷ್ಟು ಭಾರ ಹೇಗಾಗುತ್ತಾರೆ.

ಎಲ್ಲರಿಗಿಂತ ಕೊನೆಗೆ ಬಂದೆವು. ಇಡೀ ಕಟ್ಟಡ ಚಪ್ಪಾಳೆ ತಟ್ಟಿತು. ಡಾಕ್ಟ್ರಮ್ಮ ಎಲ್ಲರಿಗಿಂತ ಜೋರಾಗಿ. ಸೆಕ್ರೆಟರಿ ಈ ಸಲ ತಲೆ ಎಣಿಸಿದರು. "ನಾಲ್ಕು! ಸಂಪೂರ್ಣ!" ಅಂದರು ಮೈಕಿನಲ್ಲಿ.

ಇವಳು ನೆಲಕ್ಕೆ ಮೊಣಕಾಲೂರಿ ಕೂತಳು. ಬೆವರು, ಕಣ್ಣೀರು, ನಗು ಎಲ್ಲ ಒಟ್ಟಿಗೆ.

"ಅಪ್ಪಾ. ನಾಲ್ಕೂ ಜನ ಬಂದ್ವಿ ನೋಡಿ."

ಮಾವನವರು ಸುತ್ತ ನೋಡಿದರು. ಗೇಟಿನ ಆಚೆ ಲಗೇಜ್ ಆಟೊ ನಿಂತಿತ್ತು. ಹಿಂದುಗಡೆ ಒಂದು ಬಸ್ಸಿನ ಸೀಟು ಕಟ್ಟಿದ್ದರು, ಹಗ್ಗ ಬಿಗಿದು. ಪಕ್ಕದಲ್ಲಿ ಬಿಳಿ ಗಡ್ಡದ ಒಬ್ಬ ಮುದುಕ. ಕೈ ಎತ್ತಿದ. ಮಾವನವರೂ ಎತ್ತಿದರು.

"ಬಹಳ ಉಪಕಾರವಾಯ್ತು, ಟೀಚರಮ್ಮ" ಅಂದರು. "ಮೂರು ಮಹಡಿ. ನನ್ನ ಕೈಲಿ ಆಗ್ತಾನೇ ಇರ್ಲಿಲ್ಲ. ಯಾರನ್ನ ಕೇಳೋದು ಅಂತ ಯೋಚನೆ ಮಾಡ್ತಿದ್ದೆ. ನೀವಾಗಿಯೇ ಇಳಿಸಿಕೊಟ್ರಿ."

ಇವಳಿಗೆ ಅರ್ಥವಾಗಲಿಲ್ಲ. ನನಗಾಯಿತು.

"ಎಲ್ಲಿಗಪ್ಪಾ?"

"ಅಂಗಡಿ ಹಿಂದೆ ಒಂದು ರೂಮಿದೆ. ನೆಲಮಹಡಿ. ಬಂದವರು ಹೊರಡಬೇಕಲ್ಲ. ಜಾಸ್ತಿ ದಿನ ಇದ್ದುಬಿಟ್ಟೆ."

"ತಪ್ಪಾಯ್ತಪ್ಪಾ. ಎಲ್ಲರ ಮುಂದೆ ಹೇಳ್ತಿದೀನಿ, ತಪ್ಪಾಯ್ತು. ನೀವು ಇಲ್ಲಿನವರೇ."

"ಎಲ್ಲರ ಮುಂದೆಯೇ ಹೇಳಿದ್ರಿ ಅವತ್ತೂ." ಸಿಟ್ಟಿರಲಿಲ್ಲ ದನಿಯಲ್ಲಿ. ಒಂದು ಎಳೆಯೂ ಇರಲಿಲ್ಲ. ಪಕ್ಕದ ಸೀಟಿನ ಪ್ರಯಾಣಿಕರೊಡನೆ ಮಾತಾಡುವ ಹಾಗೆ. "ತೀರ್ಪೂ ಆಗಿದೆ. ಸೆಕ್ರೆಟರಿಗಳು ಇಲ್ಲೇ ಇದ್ದಾರೆ, ಕೇಳಿ."

ಸೆಕ್ರೆಟರಿ ಮೈಕನ್ನು ಬೆನ್ನ ಹಿಂದೆ ಇಟ್ಟುಕೊಂಡರು.

ಇವಳು ಹೆಗಲಿನ ಚೀಲ ಬಿಚ್ಚಿ ಅವರ ಮಡಿಲಿಗೆ ಇಟ್ಟಳು. ಇಟ್ಟುಕೊಳ್ಳಲಿಲ್ಲ. ಎರಡೂ ಕೈಯಲ್ಲಿ ಎತ್ತಿ ವಾಪಸು ಕೊಟ್ಟರು.

"ಇದು ನಿಮ್ಮ ಮನೆಗೆ ಕೊಟ್ಟ ಉಡುಗೊರೆ. ಕೊಟ್ಟದ್ದ ವಾಪಸ್ ತಗೊಳ್ಳೋದಾ, ಚೆನ್ನಾಗಿರಲ್ಲ. ಬಿಸ್ಕತ್ತು ಮಾತ್ರ ಮೂರು ತಿಂಗಳಿಗೊಂದು ಸಲ ಬದಲಾಯಿಸಿ."

ಗೆಳೆಯ ಬಂದು ಹಿಡಿದುಕೊಂಡ. ಇಬ್ಬರು ಮುದುಕರು ಒಬ್ಬರನ್ನೊಬ್ಬರು ಊರುಗೋಲು ಮಾಡಿಕೊಂಡು ಗೇಟು ದಾಟಿದರು. ನಾವು ಯಾರೂ ಸಹಾಯಕ್ಕೆ ಹೋಗಲಿಲ್ಲ. ಹೋಗಬಹುದೋ ಇಲ್ಲವೋ ತಿಳಿಯಲಿಲ್ಲ. ಆಟೊ ಹತ್ತುವ ಮೊದಲು ನಿಂತು, ತಿರುಗಿ, ಮಗಳಿಗೆ — ಅಲ್ಲ, ಟೀಚರಮ್ಮನಿಗೆ — ಕೈಮುಗಿದರು.

"ಬರ್ತೀನಿ. ಚೆನ್ನಾಗಿರಿ."

ಮೊಮ್ಮಗಳು ಇಯರ್‌ಫೋನ್ ಕಿತ್ತು "ತಾತಾ!" ಎಂದು ಕೂಗಿದಳು. ಆಟೊ ಸದ್ದು ಮಾಡುತ್ತಿತ್ತು. ಕೇಳಿಸಿತೋ ಇಲ್ಲವೋ.

ಚಪ್ಪಾಳೆ ತಟ್ಟಿದವರೆಲ್ಲ ತಮ್ಮ ತಮ್ಮ ಚೀಲದ ಹಿಡಿಕೆ ಹಿಡಿದು ಮೆಟ್ಟಿಲು ಹತ್ತಿದರು. ಯಾಕೋ, ಬಿಡದೆ.

ಏಪ್ರಿಲ್ 25, ಗುರುವಾರ

ಎರಡು ಸಲ ಅಂಗಡಿಗೆ ಹೋಗಿ ಬಂದಳು. ಎರಡು ಸಲವೂ ಒಳಗೆ ಕರೆದು ಕೂರಿಸಿ ಚಹಾ ತರಿಸಿಕೊಟ್ಟರಂತೆ. "ಬಂದದ್ದು ಸಂತೋಷ" ಅಂದರಂತೆ. ಇನ್ನು ಹೋಗುವುದಿಲ್ಲ ಎನ್ನುತ್ತಾಳೆ. ಮಿಷನ್ ಕಳಿಸಬೇಕಿತ್ತು, ಕಳಿಸಿಲ್ಲ. ಬೆಡ್‌ಶೀಟ್ ತೆಗೆದು ಎಣ್ಣೆ ಹಾಕಿ ಒರೆಸಿಟ್ಟಿದ್ದಾಳೆ. ಕಳಿಸಿದರೆ ಮುಗಿದಂತೆ, ಅದಕ್ಕೆ.

ಈ ವಾರ ಅಂಕಣ ಕೊಟ್ಟಿಲ್ಲ. ಸಂಪಾದಕರು ಕೇಳಿದರು — "ಅತಿಥಿ ಏನಾದ?" ಓದುಗರಿಗೆ ಬೇಕಂತೆ.

ಕುರ್ಚಿ ಕೆಳಗೇ ಇದೆ. ಭಾನುವಾರದಿಂದ. ಗೇಟಿನ ಪಕ್ಕ, ಇಳಿಸಿದ ಜಾಗದಲ್ಲಿಯೇ. ವಾಚ್‌ಮನ್ ಸುತ್ತಿ ಹೋಗುತ್ತಾನೆ, ಕೂರುವುದಿಲ್ಲ. ಇವಳು ಶಾಲೆಗೆ ಹಿಂದಿನ ಬಾಗಿಲಿಂದ ಹೋಗುತ್ತಾಳೆ. ನಾನು ಎರಡು ದಿನ ಇಳಿದೆ, ಮುಟ್ಟಿದೆ, ಹಾಗೇ ಹತ್ತಿ ಬಂದೆ. ಊಟದ ಮೇಜಿನ ಸುತ್ತ ಈಗ ಮೂರೇ ಕುರ್ಚಿ. ಲೆಕ್ಕ ಸರಿಯಾಗಿದೆ.

ಈ ಡೈರಿಯನ್ನು ಯಾರೂ ಓದಕೂಡದು. ಆದರೂ ಓದುತ್ತಿದ್ದೀರಿ ಅಂತಿಟ್ಟುಕೊಳ್ಳೋಣ. ಓದುವವರು ಯಾರೇ ಆಗಿರಿ, ಒಂದು ಸಣ್ಣ ಉಪಕಾರ ಮಾಡಿ. ಮೇಲೆ ಬರುವಾಗ ಆ ಕುರ್ಚಿ ತಂದುಬಿಡಿ. ಇವಳು ಶಾಲೆಯಲ್ಲಿದ್ದಾಗ. ಭಾರವೇನಿಲ್ಲ, ಖಾಲಿಯಿದ್ದರೆ ಒಬ್ಬರೇ ಎತ್ತಬಹುದು. ಹಿಂದಿನ ಎಡಗಾಲು ಸ್ವಲ್ಪ ಸಡಿಲ, ಅದನ್ನು ಹಿಡಿಯಬೇಡಿ. ಬೆನ್ನಿನ ಹತ್ತಿರ ಹಿಡಿದು, ತಿರುವಿನಲ್ಲಿ ನಿಧಾನ —